ಮದ್ದಿನ ಪ್ರಸಾದ

ಹುಲಿಗೆಮ್ಮ ಮೊದಲ ಸಲ ನನ್ನ ಗೋಡೌನಿಗೆ ಬಂದಾಗ ಅವಳ ಜೊತೆ ಇಬ್ಬರಿದ್ದರು. ದಾದಾಪೀರ್ ವೆಲ್ಡಿಂಗ್ ಕೆಲಸದವನು, ಅವನ ಹೆಗಲಿಗೆ ಗಿಟಾರ್ ಇತ್ತು. ಜಂಬಣ್ಣ ಕಲ್ಲಿನ ಕ್ವಾರಿಯಲ್ಲಿ ಸುತ್ತಿಗೆ ಹಿಡಿಯುವವನು, ಸಾಯಂಕಾಲ ಅದೇ ಕೈಗಳಿಂದ ಡ್ರಮ್ ಬಾರಿಸುತ್ತಿದ್ದ. ಹುಲಿಗೆಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರು. ಶಾಲೆಯಿಂದ ನೇರವಾಗಿ ಬಂದಿದ್ದಳು, ಕೊರಳಲ್ಲಿ ಸೀಟಿ ಹಾಗೇ ನೇತಾಡುತ್ತಿತ್ತು. ಮೂವರಿಗೂ ಇಪ್ಪತ್ತೆರಡು, ಇಪ್ಪತ್ಮೂರರ ವಯಸ್ಸು. ನಾನು ಹಾಲಪ್ಪ, ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಮದುವೆಗೆ, ಮಠದ ಕಾರ್ಯಕ್ರಮಕ್ಕೆ, ಚುನಾವಣೆಯ ಭಾಷಣಕ್ಕೆ ಊರಲ್ಲಿ ನನ್ನ ಡಬ್ಬಿಗಳೇ ಹೋಗಬೇಕು.

"ಕಾಕಾ, ನಾವು ಒಂದು ಆಲ್ಬಂ ಮಾಡ್ಬೇಕು," ಅಂದಳು. "ನಿಮ್ಮ ಗೋಡೌನ್ ಸಂಜೀ ಮುಂದ ಖಾಲಿ ಇರ್ತೈತಿ. ರೆಕಾರ್ಡ್ ಮಾಡೋ ಸಾಮಾನೂ ನಿಮ್ಮ ಹತ್ರ ಅದಾವ."

"ಎಂಥಾ ಹಾಡು?"

"ಥ್ರ್ಯಾಶ್ ಮೆಟಲ್."

ನನಗೆ ತಿಳಿಯಲಿಲ್ಲ. ಜಂಬಣ್ಣ ಹೇಳಿದ, "ಕ್ರಷರ್ ಓಡೋ ಮುಂದ ಅದರ ಬಾಯಾಗ ನಿಂತು ಬೈದಂಗ, ಕಾಕಾ."

"ಯಾರನ್ನ ಬೈತೀರಿ?"

"ಯುದ್ಧ ಮಾಡಿದವರನ್ನ, ಮಾಡ್ಸಿದವರನ್ನ," ಅಂದಳು ಹುಲಿಗೆಮ್ಮ. "ದೇವರಿಗೂ ಒಂದೆರಡು ಮಾತು ಕೇಳೋದೈತಿ."

ಆಗಲೇ ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಬೀಗದ ಕೈ ತೆಗೆದುಕೊಟ್ಟೆ.

ನಮ್ಮೂರಲ್ಲಿ ಸುಳ್ಳನ್ನು ಹಾಡಲಿಕ್ಕೆ ಬರುವುದಿಲ್ಲ. ಹೇಳಲಿಕ್ಕೆ ಬರುತ್ತದೆ, ಬರೆಯಲಿಕ್ಕೆ ಬರುತ್ತದೆ, ಕಾಗದ ನೋಡಿ ಓದಲಿಕ್ಕೂ ಬರುತ್ತದೆ. ದನಿಯೆತ್ತಿ ತಾಳಕ್ಕೆ ಕೂಡಿಸಿದರೆ ಮಾತ್ರ, ನಿಜವಲ್ಲದ ಮಾತು ಬಂದ ಕೂಡಲೇ ಗಂಟಲು ಕಟ್ಟುತ್ತದೆ. ಅದು ಸುಳ್ಳೆಂದು ಹಾಡುವವರಿಗೆ ಗೊತ್ತಿರಬೇಕೆಂದೂ ಇಲ್ಲ. ಇದರ ಜೊತೆ ಬಾಳುವುದನ್ನು ಊರು ಎಂದೋ ಕಲಿತಿದೆ. ನಮ್ಮ ತಾಯಂದಿರು ತೊಟ್ಟಿಲು ತೂಗುವಾಗ ಮಲಗು ಎನ್ನುತ್ತಾರೆ, ಅಳಬೇಡ ಎನ್ನುತ್ತಾರೆ, ಅದರಾಚೆಗೆ ಹೋಗುವುದಿಲ್ಲ. ಬೀಗರ ಮನೆಯಲ್ಲಿ ಮದುಮಗನಿಗೆ ಹಾಡು ಹೇಳು ಎಂದು ಯಾರೂ ಒತ್ತಾಯ ಮಾಡುವುದಿಲ್ಲ. ಬೆಟ್ಟದ ಮಠದಲ್ಲಿ ಭಜನೆ ದಿನಾ ನಡೆಯುತ್ತದೆ, ಅಲ್ಲಿಯ ಹಾಡುಗಳೆಲ್ಲ ಬಾ, ಕಾಯಿ, ಕೊಡು, ಕೈಬಿಡಬೇಡ ಎನ್ನುವ ಹಾಡುಗಳು. ಬೇಡುವುದರಲ್ಲಿ ಸುಳ್ಳಿಲ್ಲವಲ್ಲ. ನೀನಿದ್ದೀ ಎಂದು ದೇವರನ್ನು ಕುರಿತು ಹಾಡಿದವರನ್ನು ನಾನು ಕೇಳಿಲ್ಲ. ಇಲ್ಲ ಎಂದು ಹಾಡಿದವರನ್ನೂ ಕೇಳಿಲ್ಲ. ಪಂಚಾಯಿತಿಯಲ್ಲಿ ಕೂಡ ಸಾಕ್ಷಿಯನ್ನು ಹಾಡಿಸುವಂತಿಲ್ಲ. ಒಬ್ಬರಿಗೆ ಎದುರು ನಿಂತು ಹಾಡು ಅನ್ನುವುದು ನಮ್ಮಲ್ಲಿ ಬಟ್ಟೆ ಬಿಚ್ಚು ಅಂದ ಹಾಗೆ.

ಯುದ್ಧ ನಡೆದದ್ದು ಇಪ್ಪತ್ತೆರಡು ವರ್ಷದ ಹಿಂದೆ. ನಮ್ಮೂರಿಗೂ ಆಚೆ ಊರಿಗೂ ನಡುವೆ ಒಂದು ಕಣಿವೆ, ಕಣಿವೆಯ ನೆತ್ತಿಯಲ್ಲಿ ಒಂದು ಬಂಡೆ, ಬಂಡೆಯ ಮೇಲೆ ದೇವರ ಪಾದ. ಪಾದ ನಮ್ಮದು ಎಂದು ನಾವು, ತಮ್ಮದು ಎಂದು ಅವರು. ಹತ್ತೊಂಬತ್ತು ದಿನ ಹೊಡೆದಾಡಿದೆವು. ಕೊನೆಯ ದಿನ ಪಾದದ ಹತ್ತಿರ ಹೋಗಿದ್ದ ನಮ್ಮ ಹನ್ನೊಂದು ಹುಡುಗರು ಬಂಡೆಯ ಸಮೇತ ಸಿಡಿದು ಸತ್ತರು. ಈಗ ಅಲ್ಲಿ ಪಾದವೂ ಇಲ್ಲ, ಬಂಡೆಯೂ ಇಲ್ಲ, ಹೊಡೆದಾಡಲಿಕ್ಕೆ ಏನೂ ಉಳಿದಿಲ್ಲ. ಆಚೆಯವರು ಬಂಡೆಯ ಬುಡಕ್ಕೆ ಮದ್ದು ಇಟ್ಟರು ಎಂದು ಮಠದಲ್ಲಿ ಪ್ರತಿವರ್ಷ ಆ ದಿನ ಒಂದು ಕಾಗದ ಓದುತ್ತಾರೆ. ಸತ್ತವರಲ್ಲಿ ಕರಿಬಸಪ್ಪ ಎಂಬವನೊಬ್ಬ. ಅವನ ಮಗಳು ಹುಲಿಗೆಮ್ಮ ಆಗ ಮೂರು ತಿಂಗಳ ಕೂಸು. ನನಗೆ ಹತ್ತೊಂಬತ್ತು ವರ್ಷ. ಆ ಬೆಳಗ್ಗೆ ನಾನು ಬುರುಜಿನ ಮೇಲೆ, ಊರಿನ ಫಿರಂಗಿಯ ಪಕ್ಕ ಇದ್ದೆ. ಹಿಂದಿನ ದಿನಗಳಲ್ಲಿ ಹಾರಿಸಿದ ಹಾಗೆ ಅಂದೂ ಫಿರಂಗಿ ಹಾರಿಸಿದ್ದೆವು. ಊರಿಗೆ ಗೊತ್ತಿದ್ದದ್ದು ಅಷ್ಟೇ.

ರೆಕಾರ್ಡಿಂಗ್ ಶುರುವಾಯಿತು. ಮೊದಲ ದಿನ ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡವನು ತಡೆಯಲಾಗದೆ ತೆಗೆದಿಟ್ಟೆ. ದಾದಾಪೀರನ ಗಿಟಾರು ತಗಡು ಕೊಯ್ಯುವ ಹಾಗೆ ಓಡುತ್ತಿತ್ತು. ಅದರ ಹಿಂದೆ ಜಂಬಣ್ಣನ ಎರಡು ಕಾಲು, ಎರಡು ಕೈ. ಹುಲಿಗೆಮ್ಮನ ದನಿ ಹೊಟ್ಟೆಯ ತಳದಿಂದ ಬರುತ್ತಿತ್ತು, ಅದರಲ್ಲಿ ಹೆಣ್ಣು ಗಂಡು ಎಂಬುದಿರಲಿಲ್ಲ. ಎರಡನೇ ದಿನ ಮಾತುಗಳು ಕೇಳಿಸತೊಡಗಿದವು. "ಗದ್ದುಗೆಯ ಮುಂದೆ ಮದ್ದಿನ ಚೀಲ, ಚೀಲದ ಮೇಲೆ ಹೂವು. ಕೈಯೊಡ್ಡಿದವರಿಗೆ ಪ್ರಸಾದ ಕೊಟ್ಟರು, ಕೈಯೊಡ್ಡಿದವರು ನಾವು." ಅದು ಮೊದಲನೇ ಹಾಡು, ಆಲ್ಬಮ್ಮಿನ ಹೆಸರೂ ಅದೇ, ಮದ್ದಿನ ಪ್ರಸಾದ. ಯುದ್ಧದ ದಿನಗಳಲ್ಲಿ ಮದ್ದಿನ ಚೀಲಗಳನ್ನು ಮಠದ ಗದ್ದುಗೆಯ ಮುಂದಿಟ್ಟು, ವಿಭೂತಿ ಹಚ್ಚಿ, ಹುಡುಗರ ಕೈಗೆ ಕೊಡುತ್ತಿದ್ದದ್ದು ನಿಜ. ನಾನೂ ಕೈಯೊಡ್ಡಿದ್ದೆ. ಹುಲಿಗೆಮ್ಮ ಅದನ್ನು ಕಂಡಿರಲಿಲ್ಲ, ಅಲ್ಲಿ ಇಲ್ಲಿ ಕೇಳಿದ್ದನ್ನು ಬರೆದಿದ್ದಳು. ಗಂಟಲು ಕಟ್ಟಲಿಲ್ಲ. ಇನ್ನೊಂದು ಹಾಡಿನಲ್ಲಿ ಬರೀ ಪ್ರಶ್ನೆಗಳಿದ್ದವು. "ಪಾದ ದೇವರದಾದರೆ ತುಳಿದದ್ದು ಯಾರನ್ನು?" ಪ್ರಶ್ನೆಗೆ ಎಂದೂ ಗಂಟಲು ಕಟ್ಟುವುದಿಲ್ಲ. ಅದನ್ನವಳು ಚೆನ್ನಾಗಿ ಬಳಸಿಕೊಂಡಿದ್ದಳು.

ಗೋಡೌನಿನ ಎದುರು ಒಂದು ಬೇವಿನ ಮರವಿದೆ. ವಾರದೊಳಗೆ ಅದರ ನೆರಳಲ್ಲಿ ಜನ ಬಂದು ಕೂರತೊಡಗಿದರು. ಅವರಲ್ಲಿ ಯಾರಿಗೂ ಆ ಸಂಗೀತ ಹಿಡಿಸಿದ ಹಾಗೆ ಕಾಣಲಿಲ್ಲ, ಕೆಲವರು ಕಿವಿಗೆ ಸೆರಗು ಸುತ್ತಿಕೊಂಡಿರುತ್ತಿದ್ದರು. ಆದರೂ ಏಳುತ್ತಿರಲಿಲ್ಲ. ಪ್ರತಿ ಸಾಲು ಮುಗಿಯುವವರೆಗೆ ಉಸಿರು ಹಿಡಿದಿದ್ದು, ಮುಗಿದ ಮೇಲೆ ಬಿಡುತ್ತಿದ್ದರು.

ಮಠದ ಕಾರ್ಯದರ್ಶಿ ವಿರೂಪಾಕ್ಷಯ್ಯ ಒಂದು ಮುಂಜಾನೆ ಅಂಗಡಿಗೆ ಬಂದರು. ಆಲ್ಬಮ್ಮಿನ ಮೇಲಿನ ಚಿತ್ರ ಅಷ್ಟರಲ್ಲಿ ಊರೆಲ್ಲ ಓಡಾಡಿತ್ತು. ದೇವರ ಪಾದ ಬರೆದು ಅದರ ಅಂಗಾಲಿನಲ್ಲಿ ಬೂಟಿನ ಮೊಳೆಗಳ ಗುರುತು ಬರೆದಿದ್ದ ದಾದಾಪೀರ್. ಕಾರ್ಯದರ್ಶಿ ಆ ಚಿತ್ರದ ಮಾತು ಎತ್ತಲೇ ಇಲ್ಲ.

"ಹಾಲಪ್ಪ, ಬೈಯೋದಿದ್ರ ಬೈಲಿ. ಗ್ವಾಡಿ ಮ್ಯಾಲ ಬರೀಲಿ, ಸುಣ್ಣ ಬಳೀತೀವಿ. ಹಾಡೋದು ಬ್ಯಾಡ."

"ಯಾಕ್ರಿ?"

"ಯಾಕಂತ ನಿನಗ ನಾನು ಹೇಳಬೇಕಾ?" ಅಂದರು. ಅವರು ನನ್ನನ್ನು ನೋಡುತ್ತಿರಲಿಲ್ಲ, ಮೂಲೆಯಲ್ಲಿದ್ದ ಸ್ಪೀಕರನ್ನು ನೋಡುತ್ತಿದ್ದರು. ನಾನು ಆಗಲಿ ಅನ್ನಲಿಲ್ಲ, ಆಗುವುದಿಲ್ಲ ಅಂತಲೂ ಅನ್ನಲಿಲ್ಲ. ಅವರು ಚಹಾ ಕುಡಿದು ಹೋದರು.

ಏಳು ಹಾಡು ಮುಗಿದವು. ಎಂಟನೆಯದು ಅವಳ ಅಪ್ಪನ ಹಾಡು. ಉಳಿದ ಹಾಡುಗಳಿಗಿಂತ ನಿಧಾನ, ಭಾರ. ಜಂಬಣ್ಣ ನಾಲ್ಕು ಪೆಟ್ಟು ಕೊಟ್ಟ, ಗಿಟಾರು ಸೇರಿತು, ಹುಲಿಗೆಮ್ಮ ಬಾಯಿ ತೆರೆದಳು. "ಆಚೆಯವರ ಮದ್ದು ನನ್ನಪ್ಪನ" ಎಂಬಲ್ಲಿಗೆ ದನಿ ನಿಂತಿತು. ಹೆಡ್‌ಫೋನಿನಲ್ಲಿ ನನಗೆ ಬರೀ ಗಾಳಿಯ ಸದ್ದು ಕೇಳಿಸಿತು, ನೀರಿಲ್ಲದ ಪಂಪಿನ ಹಾಗೆ. ಜಂಬಣ್ಣ ಗೊತ್ತಾಗದೆ ಇನ್ನೂ ನಾಲ್ಕೈದು ಪೆಟ್ಟು ಹೊಡೆದ. ಅವಳು ನೀರು ಕುಡಿದು ಮತ್ತೆ ಹಾಡಿದಳು. ಅದೇ ಜಾಗದಲ್ಲಿ ಕಟ್ಟಿತು. ಮೂರನೇ ಸಲವೂ ಕಟ್ಟಿತು. ಕಿಟಕಿಯಿಂದ ನೋಡಿದೆ. ಬೇವಿನ ಮರದ ಕೆಳಗಿದ್ದವರು ಒಬ್ಬೊಬ್ಬರಾಗಿ ಎದ್ದು, ಬಟ್ಟೆ ಕೊಡವಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಹೋಗುತ್ತಿದ್ದರು. ಒಬ್ಬರ ಗಂಟಲು ಕಟ್ಟಿದಾಗ ಅಲ್ಲಿ ಕೂತಿರುವುದು ಮರ್ಯಾದೆಯಲ್ಲ.

"ನೆಗಡಿ ಆಗೈತಿ ಕಾಕಾ," ಅಂದಳು ಹುಲಿಗೆಮ್ಮ.

"ಹೌದವ್ವ, ಹವಾ ಸರಿ ಇಲ್ಲ," ಅಂದೆ.

ಮರುದಿನ ಅವಳ ತಾಯಿ ನಿಂಬೆವ್ವ ಅಂಗಡಿಗೆ ಬಂದಳು. ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು, ಕೈಗೆ ಇನ್ನೂ ಹಿಟ್ಟಿತ್ತು. "ಅದೊಂದು ಹಾಡು ಬಿಡ್ಸಿ ಬಿಡ್ರಿ ಹಾಲಪ್ಪಣ್ಣ," ಅಂದಳು.

"ನಿನಗ ಗೊತ್ತಿತ್ತಾ ತಂಗಿ?"

"ಅವರು ಹ್ವಾದ ವರ್ಷ ಇಕಿನ್ನ ತೊಟ್ಟಿಲಾಗ ಹಾಕಿ, ನಿಮ್ಮಪ್ಪನ್ನ ಆಚೆಯವರು ಕೊಂದ್ರು ಅಂತ ಹಾಡಾಕ ಹೋದೆ. ಕಟ್ಟಿತು. ಆಮ್ಯಾಲೆ ನಾನು ಹಾಡಿಲ್ಲ."

"ಯಾರನ್ನೂ ಕೇಳಲಿಲ್ಲಾ?"

"ಕೇಳಿದ್ರ ಯಾರರ ಹೇಳ್ತಿದ್ರಾ?" ನಾನು ಕೈಯಲ್ಲಿದ್ದ ವೈರನ್ನು ಸುತ್ತುತ್ತಿದ್ದೆ. ಅವಳು ಅದು ಸುತ್ತಿ ಮುಗಿಯುವವರೆಗೆ ನಿಂತಿದ್ದಳು. "ಆ ಹನ್ನೊಂದು ಮನಿಯಾಗ ಯಾವ ಮನಿಯಾಗೂ ಹಾಡಂಗಿಲ್ಲ. ಮೈಕ್ ಕಟ್ಟಾಕ ಮನಿ ಮನಿಗೆ ಹೋಗ್ತೀರಿ, ನೀವು ನೋಡಿಲ್ಲಾ?"

ನೋಡಿದ್ದೆ. ನೋಡಿದ್ದೆ ಎಂದು ಹೇಳುವ ಮೊದಲು ಅವಳು ಹೊರಟುಹೋಗಿದ್ದಳು.

ಮೂರನೆಯ ದಿನ ಹುಲಿಗೆಮ್ಮ ಬಂದಾಗ ಅವಳ ಕೈಯಲ್ಲಿ ಹೊಸ ಹಾಳೆಯಿತ್ತು. ಅದರಲ್ಲಿ ಒಂದೇ ಸಾಲನ್ನು ಹಲವು ಥರ ಬರೆದುಕೊಂಡಿದ್ದಳು. ಗಿಟಾರ್ ಬೇಡ ಅಂದಳು, ಜಂಬಣ್ಣನಿಗೆ ಬರೀ ತಾಳ ಹಾಕಲು ಹೇಳಿದಳು. "ಅಪ್ಪ ಹೆದರಿ ಓಡಿದ," ಎಂದು ಶುರುಮಾಡಿದಳು. ಕಟ್ಟಿತು. ಅವಳ ಮುಖದಲ್ಲಿ ಒಂದು ಗಳಿಗೆ ಬೆಳಕು ಬಂತು. "ಅಪ್ಪ ಬಂಡೆಯ ಹತ್ತಿರ ಸತ್ತ." ದನಿ ತಡೆಯದೆ ಹೋಯಿತು. "ಬಂಡೆಗೆ ಅವರು ಮದ್ದು ಇಟ್ಟರು." ಕಟ್ಟಿತು. "ಬಂಡೆ ತಾನೇ ಸಿಡಿಯಿತು." ಕಟ್ಟಿತು. ಅವಳು ಹಾಳೆಯ ಮೇಲೆ ಒಂದೊಂದನ್ನೇ ಗೀಟು ಹಾಕುತ್ತ ಹೋದಳು, ಮಕ್ಕಳ ಓಟದ ಪಂದ್ಯದಲ್ಲಿ ಹೆಸರು ಹೊಡೆದು ಹಾಕುವ ಹಾಗೆ. ಕೊನೆಗೆ ಹಾಳೆಯಲ್ಲಿ ಇಲ್ಲದ್ದನ್ನು ಹಾಡಿದಳು. "ಬಂಡೆಯನ್ನು ನಾವು ಒಡೆದೆವು."

ಅದು ಸರಾಗವಾಗಿ ಹೋಯಿತು. ಜಂಬಣ್ಣನ ಕೈ ನಿಂತಿತು. ದಾದಾಪೀರ್ ಎದ್ದು ಬಾಗಿಲು ಮುಚ್ಚಿ ಬಂದ. ಹುಲಿಗೆಮ್ಮ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿನ ಸಾಲಿಗೆ ಉಸಿರು ಎಳೆದುಕೊಂಡಳು. ನಾನು ಪ್ಲಗ್ ಕಿತ್ತೆ.

"ಯಾಕ ನಿಲ್ಲಿಸಿದ್ರಿ ಕಾಕಾ?"

"ಕರೆಂಟ್ ಹೋತು."

ಅವಳು ತಲೆಯೆತ್ತಿ ನೋಡಿದಳು. ಮೇಲೆ ಫ್ಯಾನು ತಿರುಗುತ್ತಿತ್ತು. ಹಾಳೆ ಮಡಚಿಕೊಂಡು ಹೋದಳು.

ಮಾರನೆಯ ಬೆಳಗ್ಗೆ ನಾನು ಬೆಟ್ಟ ಹತ್ತಿ ಮಠಕ್ಕೆ ಹೋದೆ. ಮಠದ ಸ್ವಾಮಿಗಳಾದ ಅಜ್ಜಾರು ಹಿತ್ತಲಿನ ಬಿಸಿಲಿನಲ್ಲಿ ಹೊರಸಿನ ಮೇಲೆ ಕೂತು, ಅಡುಗೆಯವರಿಗೆ ಮೆಂತ್ಯದ ಸೊಪ್ಪು ಬಿಡಿಸಿಕೊಡುತ್ತಿದ್ದರು. ಎಂಬತ್ನಾಲ್ಕು ವರ್ಷ. ಕಣ್ಣು ಮಬ್ಬಾಗಿದ್ದರೂ ನನ್ನ ಹೆಜ್ಜೆಯ ಗುರುತು ಸಿಕ್ಕಿತು. ಬುರುಜಿನ ಮೇಲೆ ಆ ಬೆಳಗ್ಗೆ ಇದ್ದವರು ನಾವು ಮೂವರು. ಅಜ್ಜಾರು, ನಾನು, ಫಿರಂಗಿಗೆ ಗುರಿ ಕಟ್ಟುತ್ತಿದ್ದ ಮುದುಕ. ಮುದುಕ ಯುದ್ಧ ಮುಗಿದ ವರ್ಷವೇ ತೀರಿಕೊಂಡ.

"ಕೂಡು," ಅಂದರು. "ಆ ಹುಡುಗಿ ಎಲ್ಲಿಗೆ ಬಂದಾಳ?"

"ಬಂಡೆ ನಾವು ಒಡೆದ್ವಿ, ಅಲ್ಲಿಗೆ ಬಂದಾಳ್ರಿ."

ಅವರು ತಲೆ ಆಡಿಸಿದರು. ಎರಡು ಕಡ್ಡಿ ಸೊಪ್ಪು ಬಿಡಿಸಿದರು. "ನನ್ನ ಹೆಸರು ಹಾಕಿ ಹಾಡಂತ ಹೇಳು. ನಾನು ತಡಿಯಂಗಿಲ್ಲ. ಆಚೆಯವರು ಪಾದದ ಬಂಡಿ ಹಿಂದ ಕೂಡ್ಯಾರ ಅಂತ ಸುದ್ದಿ ಬಂದಿತ್ತು. ನೋಡಿ ಬರ್ರಿ ಅಂತ ನಮ್ಮ ಹುಡುಗರನ್ನ ಕಳಿಸಿದ್ವಿ, ಬೆನ್ನಿಗೆ ಪ್ರಸಾದದ ಮದ್ದಿನ ಚೀಲ ಕಟ್ಟಿ. ಸೂರ್ಯ ಮೂಡೋಕ ಮೊದಲು ಅವರು ತಿರುಗಿ ಬರಬೇಕು, ಮೂಡಿದ ಕೂಡ್ಲೇ ಫಿರಂಗಿ ಹಾರಬೇಕು, ಅದು ಮುಹೂರ್ತ. ಕಾವಲಿನವ ಬುರುಜಿನ ಕೆಳಗ ಬಂದು, ಹುಡುಗ್ರು ಇನ್ನೂ ಬಂದಿಲ್ರಿ ಅಂದ. ನಾನು, ಬರ್ತಿರ್ತಾರ, ಮುಹೂರ್ತ ಮೀರಬಾರದು ಅಂದೆ. ಗುಂಡು ಬಂಡಿಗೆ ಬಿತ್ತು, ಬೆನ್ನಿನ ಮದ್ದು ಸಿಡಿದು ಬಂಡಿ ಸಮೇತ ಹ್ವಾದ್ರು. ಆ ಒಂದು ಮಾತು ಇಪ್ಪತ್ತೆರಡು ವರ್ಷ ಆತು, ಇಲ್ಲೇ ಕುಂತೈತಿ." ಎದೆ ಮುಟ್ಟಿಕೊಂಡರು. "ನೀ ಸಣ್ಣವ. ಬತ್ತಿ ಹಚ್ಚು ಅಂದ್ರು, ಹಚ್ಚಿದಿ. ನಿನ್ನ ಮ್ಯಾಲ ಏನಿಲ್ಲ."

ಈ ಮಾತು ಕೇಳಲಿಕ್ಕೇ ನಾನು ಬೆಟ್ಟ ಹತ್ತಿದ್ದೆನೋ ಏನೋ. ನಿನ್ನ ಮೇಲೆ ಏನಿಲ್ಲ ಎಂಬ ಮಾತು. ಕೇಳಿಯೂ ಏಳಲಾಗಲಿಲ್ಲ.

"ಅಜ್ಜಾರ, ಬತ್ತಿ ಹಚ್ಚೋಕ ಮೊದಲು ಬಂಡಿ ಮ್ಯಾಲ ಒಬ್ಬ ಎದ್ದು ನಿಂತು ಕೆಂಪು ವಸ್ತ್ರ ಬೀಸಿದ. ನಾನು ನೋಡಿದೆ."

ಅವರ ಬೆರಳು ನಿಂತವು. "ಕೆಂಪು ವಸ್ತ್ರ ನಮ್ಮ ಹುಡುಗರ ತಲಿಗೆ ಕಟ್ಟಿದ್ದು."

"ಎಳೆ ಬಿಸಿಲಿಗೆ ಎಲ್ಲಾ ಕೆಂಪಗ ಕಾಣ್ತಿತ್ರಿ. ನಮ್ಮವರಂತ ನನಗ ಗೊತ್ತಾಗಲಿಲ್ಲ."

"ಗೊತ್ತಾಗಲಿಲ್ಲಾ?"

ಅಜ್ಜಾರು ಮಬ್ಬುಗಣ್ಣಿನಿಂದ ನನ್ನ ಕಡೆಗೇ ನೋಡುತ್ತಿದ್ದರು. "ಒಂದು ಮಾತು ಒದರಿದ್ದಿ ಅಂದ್ರ ನಾನು ನಿಲ್ಲಿಸ್ತಿದ್ದೆ ಹಾಲಪ್ಪ."

"ಹೌದ್ರಿ."

"ಇಪ್ಪತ್ತೆರಡು ವರ್ಷ ಇದು ನನ್ನೊಬ್ಬನದು ಅಂತ ಹೊತ್ಕೊಂಡೆ. ನೀನು ವರ್ಷಾ ಬಂದು ಆ ಕಾಗದ ಓದಾಕ ನನ್ನ ಬಾಯಿ ಮುಂದ ಮೈಕ್ ಹಿಡೀತಿದ್ದಿ."

ನಾನು ಬಗ್ಗಿ ಅವರ ಕಾಲು ಮುಟ್ಟಲು ಹೋದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ನಾನು ಎದ್ದು ಬಂದೆ.

ಆ ಸಂಜೆ ಮೂವರೂ ಗೋಡೌನಿನಲ್ಲಿದ್ದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಕಾವಲಿನವ ಬಂದದ್ದು, ಮುಹೂರ್ತ, ಬತ್ತಿ, ವಸ್ತ್ರ. ದಾದಾಪೀರ್ ಗಿಟಾರನ್ನು ಮೆಲ್ಲಗೆ ಗೋಡೆಗೆ ಒರಗಿಸಿಟ್ಟ. ಹುಲಿಗೆಮ್ಮ ಕೊನೆಯವರೆಗೆ ಕೇಳಿದಳು.

"ಇದನ್ನ ಮಾತಿನಾಗ ಹೇಳಿದ್ರಿ," ಅಂದಳು. ಆಮೇಲೆ ಮೈಕನ್ನು ನನ್ನ ಕಡೆ ಚಾಚಿದಳು. "ಹಾಡ್ರಿ."

"ಏ ಹುಲಿಗಿ," ಎಂದು ಜಂಬಣ್ಣ ಗದರಿದ. ನಮ್ಮೂರಲ್ಲಿ ಒಬ್ಬ ಹಿರಿಯನಿಗೆ ಯಾರೂ ಹಾಗೆ ಅಂದದ್ದಿಲ್ಲ.

"ಹಾಡ್ರಿ ಕಾಕಾ."

ಯುದ್ಧದ ನಂತರ ನಾನು ಹಾಡಿರಲಿಲ್ಲ. ಸ್ನಾನದ ಮನೆಯಲ್ಲೂ ಗುನುಗಿರಲಿಲ್ಲ. ಮದುವೆಯನ್ನೂ ಆಗಿರಲಿಲ್ಲ, ಒಂದೇ ಮನೆಯಲ್ಲಿ ಇನ್ನೊಬ್ಬರ ಜೊತೆ ಇದ್ದರೆ ಎಂದಾದರೂ ಬಾಯಿಗೆ ಹಾಡು ಬಂದೀತೆಂಬ ಭಯ. ಮೈಕ್ ತೆಗೆದುಕೊಂಡೆ. ಜಂಬಣ್ಣ ನನ್ನನ್ನೂ ಅವಳನ್ನೂ ನೋಡಿ, ಕೊನೆಗೆ ಕೋಲೆತ್ತಿಕೊಂಡು ಆ ಭಾರವಾದ ತಾಳ ಶುರುಮಾಡಿದ. ನನಗೆ ಅವರ ಹಾಗೆ ಅರಚಲಿಕ್ಕೆ ಬರುವುದಿಲ್ಲ. ತಾಳಕ್ಕೆ ತಕ್ಕಂತೆ ನಿಧಾನವಾಗಿ ಹಾಡಿದೆ. "ಫಿರಂಗಿಯ ಬತ್ತಿ ನನ್ನ ಕೈಯಲ್ಲಿತ್ತು." ಹೋಯಿತು. "ಅಜ್ಜಾರು ಮುಹೂರ್ತ ಎಂದರು." ಹೋಯಿತು. "ಬಂಡೆಯ ಮೇಲೆ ಒಬ್ಬ ಎದ್ದು ವಸ್ತ್ರ ಬೀಸಿದ, ನಾನು ನೋಡಿದೆ, ಬತ್ತಿ ಹಚ್ಚಿದೆ." ಅದೂ ಹೋಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು, ಮುಂದಿನದನ್ನು ಯಾರೂ ಕೇಳಿರಲಿಲ್ಲ. ಇಪ್ಪತ್ತೆರಡು ವರ್ಷ ನನಗೆ ನಾನೇ ಹೇಳಿಕೊಂಡು ಬಂದ ಒಂದು ಸಾಲಿತ್ತು, ಅದನ್ನು ಹಾಡಿದೆ. "ನಮ್ಮವರೆಂದು ನನಗೆ ಗೊತ್ತಿರಲಿಲ್ಲ."

ಗಂಟಲು ಕಟ್ಟಿತು.

ಕೆಮ್ಮಿ ಮತ್ತೆ ಹಾಡಿದೆ. ಮತ್ತೆ ಕಟ್ಟಿತು. ಒಳಗೆ ಯಾರೋ ಹಗ್ಗ ಬಿಗಿದ ಹಾಗೆ. ಮೂರನೇ ಸಲ ಬಾಯಿ ತೆರೆಯುವಷ್ಟರಲ್ಲಿ ಆ ಬೆಳಗ್ಗೆ ಇದ್ದ ಹಾಗೇ ಕಣ್ಣ ಮುಂದೆ ಬಂತು. ಹದಿನೆಂಟು ದಿನ ಮುದುಕ ಬತ್ತಿಯನ್ನು ನನ್ನ ಕೈಗೆ ಕೊಟ್ಟಿರಲಿಲ್ಲ. ನೀರು ತಾ, ಗುಂಡು ಒರೆಸು, ಅಷ್ಟೇ ನನ್ನ ಕೆಲಸ. ಹತ್ತೊಂಬತ್ತನೆಯ ದಿನ, ಇವತ್ತು ನೀ ಹಚ್ಚು ಅಂದ. ಬಂಡೆಯ ಮೇಲೆ ಕೆಂಪು ಎದ್ದಿತು. ನಮ್ಮವರು ಎಂದು ತಿಳಿಯಿತು. ಹೇಳಿದರೆ ಬತ್ತಿಯನ್ನು ಕಸಿದುಕೊಳ್ಳುತ್ತಾರೆ ಎಂಬುದೂ ತಿಳಿಯಿತು. ಎರಡೂ ಒಂದೇ ಗಳಿಗೆಯಲ್ಲಿ ಅಲ್ಲ, ಒಂದರ ಹಿಂದೆ ಒಂದು. ಎರಡನೆಯದು ಗೆದ್ದಿತು.

"ಗೊತ್ತಿತ್ತು," ಎಂದು ಹಾಡಿದೆ. ದನಿ ಎಲ್ಲೂ ತಡೆಯಲಿಲ್ಲ.

ಹುಲಿಗೆಮ್ಮ ಅಳಲಿಲ್ಲ. ರೆಕಾರ್ಡ್ ಆಗುತ್ತಿದ್ದ ಯಂತ್ರದ ಹತ್ತಿರ ಹೋಗಿ, ಅದು ಸರಿಯಾಗಿ ಹಿಡಿದಿದೆಯೇ ಎಂದು ನೋಡಿ, ನಿಲ್ಲಿಸಿದಳು. "ಎಂಟನೇ ಹಾಡು ಇದು. ನಾ ಹಾಡಂಗಿಲ್ಲ. ನೀವು ಹಾಡಿದ್ದೇ ಇರ್ಲಿ," ಅಂದಳು. ಬಾಗಿಲ ಬಳಿ ತಿರುಗಿ, "ಇನ್ಮ್ಯಾಲೆ ನಿಮ್ಮನ್ನ ನಾನು ಕಾಕಾ ಅನ್ನಂಗಿಲ್ಲ. ತಪ್ಪು ತಿಳೀಬ್ಯಾಡ್ರಿ," ಅಂದಳು.

ಆಲ್ಬಂ ಹೊರಗೆ ಬಂತು. ಊರಿನವರು ಬಾಗಿಲು ಹಾಕಿಕೊಂಡು ಕೇಳಿದರು. ಮೊದಲ ಏಳು ಹಾಡಿನ ಬಗ್ಗೆ ಎದ್ದಿದ್ದ ಸಿಟ್ಟು ಎಂಟನೆಯದರಲ್ಲಿ ಮುಳುಗಿಹೋಯಿತು. ಸತ್ತ ಹನ್ನೊಂದು ಹುಡುಗರಲ್ಲಿ ಒಬ್ಬನ ತಮ್ಮ ಕಬ್ಬಿಣದ ಸಲಾಕೆ ಹಿಡಿದು ಬಂದು ನನ್ನ ಸ್ಪೀಕರುಗಳನ್ನು ಒಡೆಯತೊಡಗಿದ. ನಾನು ಬಾಗಿಲು ತೆರೆದು ಪಕ್ಕಕ್ಕೆ ನಿಂತೆ. ಮೂರನೆಯದಕ್ಕೆ ಅವನಿಗೆ ಸುಸ್ತಾಯಿತು. ಕೂತುಕೊಂಡ. ನೀರು ಕೊಟ್ಟೆ, ಕುಡಿಯಲಿಲ್ಲ. ಮದುವೆಗಳಿಗೆ ನನ್ನನ್ನು ಕರೆಯುವುದು ನಿಂತಿತು. ಆ ವರ್ಷ ಮಠದಲ್ಲಿ ಕಾಗದ ಓದಲಿಲ್ಲ. ಅಜ್ಜಾರನ್ನು ಇಬ್ಬರು ಕೈಹಿಡಿದು ಕರೆತಂದು ಜನರ ಮುಂದೆ ಕೂರಿಸಿದರಂತೆ. ಅವರು "ಮುಹೂರ್ತ ನಾನು ಕೊಟ್ಟೆ" ಎಂದು ಒಂದೇ ಸಾಲು ಹಾಡಿ, ಅಂದೇ ಗದ್ದುಗೆ ಬಿಟ್ಟು ಕೆಳಗಿನ ಗುಡಿಸಲಿಗೆ ಹೋದರು. ನಾನು ಅಲ್ಲಿರಲಿಲ್ಲ. ನನ್ನನ್ನು ಕರೆದಿರಲಿಲ್ಲ.

ಇಷ್ಟು ಹೊತ್ತು ನಾನು ಒಬ್ಬನ ಮಾತು ಎತ್ತಿಲ್ಲ. ಬಂಡೆ ಸಿಡಿದ ಮರುದಿನ ಕಣಿವೆಯಲ್ಲಿ ಆಚೆ ಊರಿನ ಹುಡುಗನೊಬ್ಬ ನಮ್ಮವರ ಕೈಗೆ ಸಿಕ್ಕಿದ್ದ. ಕ್ವಾರಿಯಲ್ಲಿ ಕಲ್ಲಿಗೆ ಮದ್ದು ತುಂಬುವ ಕೆಲಸ ಅವನದು, ಬೆರಳುಗಳು ಕಪ್ಪಾಗಿದ್ದವು. ನಮ್ಮವರಿಗೆ ಅಷ್ಟು ಸಾಕಾಯಿತು. ಬುರುಜಿನ ಕೆಳಗೆ ತಂದು ಕೊಂದರು. ನಾನು ಮೇಲಿನಿಂದ ನೋಡಿದೆ, ಆಗಲೂ ಒದರಲಿಲ್ಲ. ಹನ್ನೊಂದು ಹೆಸರು ನಮ್ಮೂರಿನ ಪ್ರತಿ ಮಗುವಿಗೆ ಬಾಯಿಪಾಠ. ಅವನ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವನ ಹೆಸರು ಮಾರೆಪ್ಪ ಎಂದು ಹೇಳಿದವಳು ಹುಲಿಗೆಮ್ಮ. ಆಲ್ಬಂ ಹೇಗೋ ಕಣಿವೆ ದಾಟಿತ್ತು. ಅಲ್ಲಿಯ ಹುಡುಗರು ಕಾಗದ ಬರೆದಿದ್ದರು, ನಮ್ಮಲ್ಲಿಗೆ ಬಂದು ನುಡಿಸಿರಿ ಎಂದು. ಅವಳು ಏಳೆಂಟು ತಿಂಗಳ ನಂತರ ನನ್ನ ಅಂಗಡಿಯ ಮೆಟ್ಟಿಲ ಕೆಳಗೆ ನಿಂತು ಹೇಳಿದಳು, "ಐತವಾರ ಆಚಿ ಊರಿಗೆ ಹೊಂಟೀವ್ರಿ. ಎಂಟನೇ ಹಾಡಿಗೆ ದನಿ ಬೇಕು. ಮಾರೆಪ್ಪನ ತಾಯಿ ಇನ್ನೂ ಅದಾಳಂತ."

ಹೋದೆವು. ಯುದ್ಧದ ದಿನಗಳು ಮುಗಿದ ಮೇಲೆ ಕಣಿವೆ ದಾಟಿದ ನಮ್ಮೂರಿನವರಲ್ಲಿ ನಾವೇ ಮೊದಲು. ಸಂತೆಯ ಮೈದಾನದಲ್ಲಿ, ಇಳಿಬಿಸಿಲಿನಲ್ಲಿ ನುಡಿಸಿದೆವು. ಮೈಕ್ ಸೆಟ್ ಅವರದೇ. ಅಲ್ಲಿಯ ಹುಡುಗರು ಏಳು ಹಾಡಿಗೂ ತಲೆ ಕೆದರಿಕೊಂಡು ಕುಣಿದರು, ಹಿರಿಯರು ಸುಮ್ಮನೆ ಕೂತಿದ್ದರು. ನಾನು ಎಂಟನೆಯದನ್ನು ಹಾಡಿ ಮುಗಿಸಿದೆ. ಮುಂದಿನ ಸಾಲಿನಲ್ಲಿದ್ದ, ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ ಮುದುಕನೊಬ್ಬ ಕೇಳಿದ.

"ನಿಮ್ಮೂರಾಗ ಸುಳ್ಳು ಹಾಡಾಕ ಬರಂಗಿಲ್ಲ ಅಂತ ಕೇಳೀವಿ. ನಮ್ಮೂರಾಗ ಹಂಗೇನಿಲ್ಲಪಾ. ಇಲ್ಲಿ ಯಾರು ಏನು ಬೇಕಾದ್ರೂ ಹಾಡಬಹುದು. ನಿಂದು ಖರೇ ಅಂತ ನಾವು ಹೆಂಗ ನಂಬೋದು?"

ನಾನು ಹುಲಿಗೆಮ್ಮನ ಕಡೆ ನೋಡಿದೆ. ಅವಳು ಮೈಕಿನ ವೈರನ್ನು ಕಾಲಿನಿಂದ ಸರಿಸುತ್ತಿದ್ದಳು, ತಲೆಯೆತ್ತಲಿಲ್ಲ. ಅದು ನನಗೇ ಬಿಟ್ಟದ್ದೆಂದು ತಿಳಿಯಿತು.

"ನಂಬಸಾಕ ನನ್ನ ಹತ್ರ ಏನೂ ಇಲ್ರಿ," ಅಂದೆ.

ಹಿಂದಿನಿಂದ ಒಬ್ಬ ಮುದುಕಿ ಎದ್ದು ಬಂದಳು. ಜನ ದಾರಿ ಬಿಟ್ಟರು. ಆದರೆ ಅದು ಗೌರವಕ್ಕೆ ಬಿಡುವ ದಾರಿಯಲ್ಲ, ಮೈ ತಾಗದಿರಲೆಂದು ಸರಿಯುವ ರೀತಿ. ಆಗ ನನಗೆ ಹೊಳೆಯಿತು. ಬಂಡೆಗೆ ಮದ್ದು ಇಟ್ಟವನು ಮಾರೆಪ್ಪನೇ ಎಂದು ಈ ಊರೂ ನಂಬಿತ್ತು. ಪಾದ ಹೋದದ್ದು ಅವನಿಂದ, ಆಮೇಲೆ ನಮ್ಮವರು ಬಂದು ಇವರ ಬಣವೆಗಳಿಗೆ ಬೆಂಕಿ ಇಟ್ಟದ್ದೂ ಅವನಿಂದ ಎಂದು ಇಷ್ಟು ವರ್ಷ ಆ ತಾಯಿಯನ್ನು ದೂರ ಇಟ್ಟಿದ್ದರು. ಅವಳ ಹೆಸರು ದ್ಯಾಮವ್ವ. ನಾವು ನಿಂತಿದ್ದ ಕಟ್ಟೆಯ ಹತ್ತಿರ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹಾಡು ಬ್ಯಾಡ," ಅಂದಳು. "ಮಾತಿನಾಗ ಹೇಳು."

"ನಿನ್ನ ಮಗ ಮಾರೆಪ್ಪ ಬಂಡಿಗೆ ಮದ್ದು ಇಟ್ಟಿರಲಿಲ್ಲ ಯವ್ವಾ."

"ಅದರಾಗ ಹೇಳು," ಎಂದು ಮೈಕ್ ತೋರಿಸಿದಳು. "ಅವರಪ್ಪನ ಹೆಸರು ಕೂಡ್ಸಿ ಹೇಳು. ದುರುಗಪ್ಪನ ಮಗ."

"ದುರುಗಪ್ಪನ ಮಗ ಮಾರೆಪ್ಪ ಬಂಡಿಗೆ ಮದ್ದು ಇಟ್ಟಿರಲಿಲ್ಲ," ಅಂದೆ. "ಒಡೆದದ್ದು ನಾವು. ಬತ್ತಿ ಹಚ್ಚಿದವ ನಾನು." ನನ್ನ ದನಿ ಮೈದಾನದ ಆಚೆ ಗೋಡೆಗೆ ಬಡಿದು ಬಂತು.

ದ್ಯಾಮವ್ವ ನನಗೆ ಬೆನ್ನು ಮಾಡಿ ಜನರ ಕಡೆ ತಿರುಗಿ ನಿಂತಳು. "ಇನ್ನೊಮ್ಮೆ," ಅಂದಳು.

ಇನ್ನೊಮ್ಮೆ ಹೇಳಿದೆ. ಅವಳು ತನ್ನ ಊರಿನವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು, ಅವಸರವಿಲ್ಲದೆ, ಈ ಕಡೆಯಿಂದ ಆ ಕಡೆಯವರೆಗೆ. ಕೆಲವರು ತಲೆ ತಗ್ಗಿಸಿದರು. ಪ್ರಶ್ನೆ ಕೇಳಿದ್ದ ಆ ಮುದುಕ ಮೊಣಕಾಲಿಗೆ ಕೈಯೂರಿ ಎದ್ದ, ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಅವಳ ಎದುರು ನಿಂತ.